ಹಲ್ಲು ನೋವು: ಬೆಳಗಿನ ತನಕ ಕಾಯಬಹುದಾ, ಈಗಲೇ ಹೊರಡಬೇಕಾ?

ರಾತ್ರಿ 2 ಗಂಟೆ. ಅಡುಗೆಮನೆಯ ನೆಲದ ಮೇಲೆ ಕೂತು, ಫ್ರಿಡ್ಜಿನ ತಣ್ಣೀರನ್ನು ಬಾಯಿಗೆ ತುಂಬಿಕೊಂಡು, ಎಡಗಡೆಗೆ ತಲೆ ವಾಲಿಸಿದ್ದೆ. ನೀರು ತಣ್ಣಗಿರುವಷ್ಟು ಹೊತ್ತು ನೋವು ತೆಪ್ಪಗಿರುತ್ತಿತ್ತು. ಬಾಯೊಳಗೇ ಅದು ಬೆಚ್ಚಗಾಗುತ್ತಿದ್ದಂತೆ ಮತ್ತೆ ಶುರು, ಕಿವಿಯ ತನಕ, ನೆತ್ತಿಯ ತನಕ. ಉಗಿದು ಮತ್ತೊಂದು ಗುಟುಕು. ಎರಡು ಬಾಟಲಿ ಹೀಗೇ ಖಾಲಿಯಾದವು. ಮಾರನೇ ರಾತ್ರಿಯೂ ಅದೇ ಪಾಡು. ಮೂರನೇ ದಿನ ನೋವು ಪೂರ್ತಿ ಮಾಯ. ಲವಂಗಕ್ಕೆ ಒಂದು ನಮಸ್ಕಾರ ಹಾಕಿ, ಡೆಂಟಿಸ್ಟ್ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದೆ. ಮೂರು ವಾರ ಕಳೆದು ಗೌರಿ ಹಬ್ಬದ ಬೆಳಿಗ್ಗೆ ಕನ್ನಡಿ ನೋಡಿದರೆ, ಒಂದು ಇಡೀ ಕಡುಬನ್ನು ಬಾಯಲ್ಲಿ ಇಟ್ಟುಕೊಂಡವರ ಥರ ಎಡಗೆನ್ನೆ ಊದಿತ್ತು.

ಆ ಎರಡು ರಾತ್ರಿ ನಾನು ಒದ್ದಾಡಿದ್ದು ಹಲ್ಲಿನ ಒಳಗಿನ ನರ ಸಾಯುತ್ತಿದ್ದಾಗ. ನೋವು ನಿಂತಿದ್ದು ಅದು ಸತ್ತಿದ್ದಕ್ಕೆ, ಗುಣ ಆಗಿದ್ದಕ್ಕಲ್ಲ. ಸತ್ತ ನರದ ಜಾಗದಲ್ಲಿ ಸೋಂಕು ಸದ್ದಿಲ್ಲದೆ ಬೆಳೆದು, ಬೇರಿನ ತುದಿಯಿಂದ ಮೂಳೆಗೆ ಇಳಿದು, ಕೀವಾಗಿ ಕೊನೆಗೆ ಕೆನ್ನೆಗೆ ಬಂದಿತ್ತು. ಊದಿದ ದಿನ ನೋವು ಹೆಚ್ಚೇನೂ ಇರಲಿಲ್ಲ ಅಂದರೆ ನಂಬುತ್ತೀರಾ? ಆದರೆ ಅವತ್ತೇ ಪರಿಸ್ಥಿತಿ ನಿಜವಾಗಿ ಕೆಟ್ಟಿದ್ದು.

ಹಾಗಾಗಿ ನಾನು ಡೆಂಟಿಸ್ಟ್ ಅಲ್ಲದಿದ್ದರೂ, ಡೆಂಟಿಸ್ಟ್ ಕುರ್ಚಿಯಲ್ಲಿ ಮಲಗಿ ಸಾಕಷ್ಟು ಬೈಸಿಕೊಂಡು ಕಲಿತಿದ್ದನ್ನು ಹೇಳುತ್ತೇನೆ. ನೋವು ಎಷ್ಟು ಜೋರು ಅನ್ನೋದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಜೀವ ಹೋಗುವಂಥ ನೋವಿದ್ದರೂ ಬೆಳಗಿನ ತನಕ ಕಾಯಬಹುದಾದ ಹಲ್ಲುಗಳಿವೆ. ನೋವು ಕಮ್ಮಿ ಇದ್ದರೂ ಆಂಬುಲೆನ್ಸ್ ಕರೆಯಬೇಕಾದ ಹಲ್ಲುಗಳೂ ಇವೆ. ನೋಡಬೇಕಾದ್ದು ಬೇರೆಯೇ.

ಮೊದಲು ಕನ್ನಡಿ ಮುಂದೆ ನಿಲ್ಲಿ

ಮೊಬೈಲ್ ಟಾರ್ಚ್ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ. ಎರಡೇ ನಿಮಿಷದ ಕೆಲಸ.

ನಿಮ್ಮದೇ ಮೂರು ಬೆರಳನ್ನು, ತೋರು, ನಡು, ಉಂಗುರ, ಒಂದರ ಮೇಲೊಂದು ಬರುವ ಹಾಗೆ ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಇಡಿ. ಸಾಮಾನ್ಯವಾಗಿ ಮೂರೂ ಹಿಡಿಸುತ್ತವೆ. ನಿನ್ನೆ ತನಕ ಮೂರು ಹಿಡಿಸುತ್ತಿದ್ದು ಇವತ್ತು ಒಂದೂವರೆಗೆ ಬಂದಿದೆ ಅಂದರೆ, ಸೋಂಕು ದವಡೆಯ ಸ್ನಾಯುಗಳ ಹತ್ತಿರ ಹೋಗಿದೆ ಅಂತ ಅನುಮಾನ ಪಡಬೇಕು. ಗುಟ್ಕಾ ಅಥವಾ ತಂಬಾಕು ಅಡಿಕೆ ಜಗಿದು ವರ್ಷಗಳಿಂದ ಬಾಯಿ ಬಿಗಿಯಾಗಿರುವವರ ಕಥೆ ಬೇರೆ. ಅವರದ್ದು ಮೊದಲಿಂದಲೇ ಒಂದೂವರೆ ಬೆರಳು ಇರಬಹುದು, ಆದ್ದರಿಂದ ಅವರು ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ನೋಡಬೇಕು. ಆ ಬಿಗಿತ ಕೂಡ ತೋರಿಸಬೇಕಾದ ಕಾಯಿಲೆಯೇ, ಅದಕ್ಕೆ ಬೇರೆ ದಿನ ಹೋಗಿ.

ಆಮೇಲೆ ಎಂಜಲು ನುಂಗಿ ನೋಡಿ. ಸರಾಗವಾಗಿ ಇಳಿಯುತ್ತದಾ? ಇಳಿಯದೆ ಬಾಯಿಂದ ಹೊರಗೆ ಜೊಲ್ಲು ಸುರಿಯುತ್ತಿದೆಯಾ? ನಾಲಗೆ ಮೇಲೆತ್ತಿ ಅದರ ಕೆಳಗಿನ ಜಾಗವನ್ನು ಬೆರಳಲ್ಲಿ ಒತ್ತಿ. ಕೆನ್ನೆಯ ಒಳಭಾಗದ ಹಾಗೆ ಮೆತ್ತಗಿರಬೇಕು. ಹಲಗೆಯ ಹಾಗೆ ಗಟ್ಟಿಯಾಗಿದ್ದು ನಾಲಗೆಯೇ ಮೇಲಕ್ಕೆ ದಬ್ಬಿಕೊಂಡು ಬಂದಿದ್ದರೆ, ಗದ್ದದ ಕೆಳಗೆ ಎರಡೂ ಕಡೆ ಊತ ಬಂದಿದ್ದರೆ, ಬಿಸಿ ಆಲೂಗಡ್ಡೆ ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ ದನಿ ಬದಲಾಗಿದ್ದರೆ, ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗಿ ಎದ್ದು ಕೂರಬೇಕು ಅನಿಸಿದರೆ, ಇದನ್ನು ಓದುವುದನ್ನೂ ನಿಲ್ಲಿಸಿ 108ಕ್ಕೆ ಫೋನ್ ಮಾಡಿ. ಉತ್ಪ್ರೇಕ್ಷೆ ಮಾಡುತ್ತಿಲ್ಲ. ಕೆಳದವಡೆಯ ಹಿಂದಿನ ಹಲ್ಲುಗಳ ಸೋಂಕು ನಾಲಗೆಯ ಕೆಳಗೆ ಹರಡಿ ಉಸಿರಿನ ದಾರಿಯನ್ನೇ ಒತ್ತುವ ಈ ಸ್ಥಿತಿಗೆ ಲುಡ್ವಿಗ್ಸ್ ಆಂಜೈನಾ ಅಂತ ಹೆಸರು. ವಿಲ್ಹೆಲ್ಮ್ ಫ್ರೆಡರಿಕ್ ಫಾನ್ ಲುಡ್ವಿಗ್ ಅನ್ನುವ ಜರ್ಮನ್ ವೈದ್ಯರು 1836ರಲ್ಲೇ ಇದನ್ನು ವಿವರಿಸಿದ್ದರು. ಆಗ ಆಂಟಿಬಯೋಟಿಕ್ ಇರಲಿಲ್ಲ, ಹೆಚ್ಚಿನವರು ಉಳಿಯುತ್ತಿರಲಿಲ್ಲ. ಈಗ ಉಳಿಸಬಹುದು, ಆದರೆ ಗಂಟೆಗಳ ಲೆಕ್ಕದಲ್ಲಿ.

ಇಂಥ ಹೊತ್ತಲ್ಲಿ ಹೋಗಬೇಕಾದ್ದು ಬೀದಿ ಕೊನೆಯ ಡೆಂಟಲ್ ಕ್ಲಿನಿಕ್‌ಗೆ ಅಲ್ಲ. ಉಸಿರಿನ ಟ್ಯೂಬ್ ಹಾಕುವವರು, ಐಸಿಯು, ದವಡೆಯ ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ. ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆ ಆದರೆ ಒಳ್ಳೆಯದು. ದಾರಿಯಲ್ಲಿ ರೋಗಿಯನ್ನು ಮಲಗಿಸಬೇಡಿ, ಕೂರಿಸಿಕೊಂಡೇ ಹೋಗಿ.

ಮೇಲಿನ ಹಲ್ಲಿನ ಸೋಂಕಿಗೆ ಇನ್ನೊಂದು ದಾರಿ ಇದೆ. ಮೇಲಿನ ಕೋರೆಹಲ್ಲಿನ ಬೇರು ಉದ್ದ, ಅಲ್ಲಿಂದ ಕೀವು ಮೂಗಿನ ಪಕ್ಕ ಹತ್ತಿ ಕಣ್ಣಿನ ಸುತ್ತ ಊದಿಸಬಹುದು. ಕಣ್ಣು ಮುಚ್ಚಿಹೋಗುವಷ್ಟು ಊತ, ದೃಷ್ಟಿ ಮಂಜು, ಜೊತೆಗೆ ಜೋರು ತಲೆನೋವು, ಜ್ವರ ಇದ್ದರೂ ಅದೇ, ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅಂತ ನಮ್ಮ ಕಡೆ ಅಜ್ಜಿಯರಷ್ಟೇ ಅಲ್ಲ, ಎಂಜಿನಿಯರುಗಳೂ ನಂಬುತ್ತಾರೆ. ಅದು ತಪ್ಪು. ಕೆಟ್ಟ ಹಲ್ಲನ್ನು ಕೀಳಿಸದೆ ಬಿಟ್ಟರೇ ಕಣ್ಣಿಗೆ ಅಪಾಯ ಜಾಸ್ತಿ.

ಬಿದ್ದೋ ಏಟು ತಗುಲಿಯೋ ದವಡೆ ಮುರಿದಿದ್ದರೆ, ಹಲ್ಲುಗಳು ಮೊದಲಿನಂತೆ ಒಂದರ ಮೇಲೊಂದು ಕೂರದಿದ್ದರೆ, ಅರ್ಧ ಗಂಟೆ ಬಟ್ಟೆ ಕಚ್ಚಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಆಗಲೂ ಕಾಯಬೇಡಿ.

ಇವತ್ತೇ, ತಪ್ಪಿದರೆ ನಾಳೆ

ಮೇಲಿನ ಯಾವುದೂ ಇಲ್ಲ, ಆದರೆ ಕೆನ್ನೆ ಊದಿದೆ ಅಥವಾ ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದು ಒಡೆದು ಬಾಯಲ್ಲಿ ಕೆಟ್ಟ ರುಚಿ ಬರುತ್ತಿದೆ. ಇದು ಅದೇ ದಿನ ಕ್ಲಿನಿಕ್‌ಗೆ ಹೋಗುವ ವಿಚಾರ. ಗುಳ್ಳೆ ಒಡೆದಾಗ ಒತ್ತಡ ಇಳಿದು ನೋವು ಥಟ್ಟನೆ ಕಮ್ಮಿ ಆಗುತ್ತದೆ. ಅದೇ ಮೋಸ. ಕೀವಿಗೆ ಹೊರಗೆ ಬರಲು ದಾರಿ ಸಿಕ್ಕಿದೆ ಅಷ್ಟೇ, ತಯಾರಾಗುವ ಜಾಗ ಹಾಗೇ ಇದೆ. ಜೊತೆಗೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಇದ್ದರೆ "ನಾಳೆ" ಅನ್ನುವ ಪದವನ್ನೂ ಬಿಟ್ಟುಬಿಡಿ.

ಊತ ಇಲ್ಲದಿದ್ದರೂ ತಡ ಮಾಡಬಾರದ ನೋವು ಒಂದಿದೆ, ಅದೇ ನನ್ನ ತಣ್ಣೀರು ಬಾಟಲಿಯ ನೋವು. ಹಲ್ಲಿನ ಒಳಗಿನ ನರದ ಕಥೆಯನ್ನು ತಣ್ಣೀರು ಬಹಳ ಚೆನ್ನಾಗಿ ಹೇಳುತ್ತದೆ. ಐಸ್‌ಕ್ರೀಮ್ ತಗುಲಿ ಹಲ್ಲು ಜುಮ್ ಅಂದು ಎರಡು ಮೂರು ಸೆಕೆಂಡಿನಲ್ಲಿ ಸರಿಹೋದರೆ ನರ ಇನ್ನೂ ಗಟ್ಟಿಯಾಗಿದೆ, ಬರೀ ಫಿಲ್ಲಿಂಗ್‌ನಲ್ಲಿ ಮುಗಿಯಬಹುದು. ತಣ್ಣಗಿದ್ದದ್ದು ಬಾಯಿಂದ ಹೋಗಿ ಅರ್ಧ ನಿಮಿಷ ಆದರೂ ನೋವು ಉಳಿದಿದ್ದರೆ, ಏನೂ ತಾಗದೆ ಸುಮ್ನೆ ಕೂತಾಗಲೂ ಶುರುವಾದರೆ, ಮಲಗಿದ ತಕ್ಷಣ ಏರಿದರೆ, ನಿದ್ದೆಯಿಂದ ಎಬ್ಬಿಸಿದರೆ, ನರ ವಾಪಸ್ ಬರದ ದಾರಿ ಹಿಡಿದಿದೆ ಅಂತ. ಬಿಸಿ ಕಾಫಿ ತಾಗಿದರೆ ಪ್ರಾಣ ಹೋಗುತ್ತದೆ, ತಣ್ಣೀರು ಹಿಡಿದರೆ ಸಮಾಧಾನ ಅನ್ನುವ ಹಂತ ಬಂದರೆ ಅದು ಹೆಚ್ಚುಕಮ್ಮಿ ಕೊನೆಯ ಹಂತ. ರಾತ್ರಿ ಎಮರ್ಜೆನ್ಸಿಗೆ ಓಡಬೇಕಿಲ್ಲ. ಆದರೆ ಒಂದೆರಡು ದಿನದಲ್ಲಿ ಹಲ್ಲು ತೆರೆಸಲೇಬೇಕು. ನೋವು ತಾನಾಗಿ ನಿಂತರೂ ಹೋಗಬೇಕು. ನಿಂತರಂತೂ ಖಂಡಿತ ಹೋಗಬೇಕು.

ಕಚ್ಚಿದಾಗ ಆ ಒಂದು ಹಲ್ಲು ಮಾತ್ರ ಉಳಿದವಕ್ಕಿಂತ ಎತ್ತರ ಇದೆಯೇನೋ ಅನಿಸುವುದು ಇನ್ನೊಂದು ಗುರುತು. ಬೇರಿನ ತುದಿಯಲ್ಲಿ ಊತ ಸೇರಿ ಹಲ್ಲನ್ನು ಕೂದಲೆಳೆಯಷ್ಟು ಮೇಲೆ ತಳ್ಳಿರುತ್ತದೆ. ಕೋಡುಬಳೆ ಕಡಿದ ಮೇಲೆ ಶುರುವಾಗಿ, ಕಚ್ಚುವಾಗ ಅಲ್ಲ, ಕಚ್ಚಿ ಬಿಡುವಾಗ ಚುಳ್ ಅಂದರೆ ಹಲ್ಲು ಬಿರುಕು ಬಿಟ್ಟಿರಬಹುದು. ಬಿರುಕು ಬೇರಿಗೆ ಇಳಿಯುವ ಮೊದಲು ಹೋದರೆ ಕ್ಯಾಪ್ ಹಾಕಿ ಉಳಿಸುತ್ತಾರೆ.

ಬುದ್ಧಿಹಲ್ಲು ಬರುವ ವಯಸ್ಸಿನವರಿಗೆ, ಅಂದರೆ 17ರಿಂದ 25ರ ಸುಮಾರಿನವರಿಗೆ, ಅರ್ಧ ಬಂದ ಹಲ್ಲಿನ ಮೇಲಿನ ಒಸಡಿನ ಮುಸುಕಿನ ಕೆಳಗೆ ಅನ್ನ ಸಿಕ್ಕಿ ಕೊಳೆತು ನೋವು ಬರುತ್ತದೆ. ಬೆಚ್ಚಗಿನ ಉಪ್ಪುನೀರಲ್ಲಿ ಮುಕ್ಕಳಿಸಿದರೆ ಎಷ್ಟೋ ಸಲ ಎರಡು ದಿನಕ್ಕೆ ತಗ್ಗುತ್ತದೆ. ಬಾಯಿ ತೆರೆಯಲು ಕಷ್ಟ, ಜ್ವರ ಬಂದರೆ ಮಾತ್ರ ಮೂರು ಬೆರಳಿನ ಲೆಕ್ಕ ಮರೆಯಬೇಡಿ. ಹಲ್ಲು ಕೀಳಿಸಿದ ಎರಡರಿಂದ ನಾಲ್ಕನೇ ದಿನಕ್ಕೆ, ಕಮ್ಮಿ ಆಗಬೇಕಿದ್ದ ನೋವು ಏರಿ ಕೆಟ್ಟ ವಾಸನೆ ಬಂದರೆ ಗುಂಡಿಯ ರಕ್ತದ ಹೆಪ್ಪು ಹೋಗಿದೆ ಅಂತ. ಅಪಾಯ ಏನಿಲ್ಲ, ಆದರೆ ಕೀಳಿಸಿದ ಕಡೆಗೇ ಹೋಗಿ ಔಷಧ ತುಂಬಿಸಿಕೊಂಡರೆ ಅವತ್ತೇ ನಿದ್ದೆ ಬರುತ್ತದೆ. ಸಿಹಿ ತಿಂದರೆ ಜುಮ್, ಫಿಲ್ಲಿಂಗ್ ಬಿದ್ದುಹೋಗಿದೆ ನೋವಿಲ್ಲ, ಬ್ರಷ್ ಮಾಡುವಾಗ ರಕ್ತ. ಇಂಥವಕ್ಕೆ ವಾರದೊಳಗೆ ಹೋದರೆ ಸಾಕು.

ಡಯಾಬಿಟಿಸ್ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಸ್ಟೀರಾಯ್ಡ್ ತೆಗೆದುಕೊಳ್ಳುವವರು ಮೇಲಿನ ಎಲ್ಲದರಲ್ಲೂ ಒಂದು ಹಂತ ಮುಂದೆ ಹೋಗಿ ಯೋಚಿಸಿ. ಬೇರೆಯವರಿಗೆ "ವಾರದೊಳಗೆ" ಆದರೆ ನಿಮಗೆ "ನಾಳೆ", ಬೇರೆಯವರಿಗೆ "ನಾಳೆ" ಆದರೆ ನಿಮಗೆ "ಇವತ್ತು". 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಬಂದ ಬ್ಲ್ಯಾಕ್ ಫಂಗಸ್ ನೆನಪಿದೆಯಲ್ವಾ? ಎಷ್ಟೋ ಜನಕ್ಕೆ ಮೇಲ್ದವಡೆಯ ನೋವು, ಒಂದರ ಪಕ್ಕ ಒಂದು ಹಲ್ಲು ಅಲುಗಾಡುವುದು, ಕೆನ್ನೆ ಜೋಮು ಹಿಡಿಯುವುದು ಮೊದಲ ಗುರುತುಗಳಾಗಿದ್ದವು. ಸಕ್ಕರೆ ಹಿಡಿತದಲ್ಲಿ ಇಲ್ಲದವರಿಗೆ ಅದು ಕೋವಿಡ್ ಇಲ್ಲದೆಯೂ ಬರಬಹುದು.

ಹಲ್ಲಿನದಲ್ಲದ ಹಲ್ಲು ನೋವು

ಮೆಟ್ಟಿಲು ಹತ್ತಿದಾಗ, ಜೋರಾಗಿ ನಡೆದಾಗ ಕೆಳದವಡೆ ನೋಯುತ್ತದೆ, ನಿಂತರೆ ಹೋಗುತ್ತದೆ. ಯಾವ ಹಲ್ಲು ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಇದು ಹೃದಯದ್ದಾಗಿರಬಹುದು. ಜೊತೆಗೆ ಬೆವರು, ಎದೆ ಬಿಗಿತ, ಏದುಸಿರು, ವಾಕರಿಕೆ ಇದ್ದರೆ ಡೆಂಟಿಸ್ಟ್ ನಂಬರ್ ಹುಡುಕುತ್ತಾ ಕೂರಬೇಡಿ, 108. ಹೆಂಗಸರಲ್ಲಿ, ಡಯಾಬಿಟಿಸ್ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ದವಡೆ ನೋವಾಗಿ ಬರುವುದೂ ಉಂಟು.

ನೆಗಡಿ ಆಗಿ ವಾರವಾಗಿದೆ, ಮೇಲಿನ ದವಡೆಹಲ್ಲು ಮೂರ್ನಾಲ್ಕು ಒಟ್ಟಿಗೆ ನೋಯುತ್ತವೆ, ಚಪ್ಪಲಿ ಹಾಕಲು ಬಗ್ಗಿದರೆ ಜಾಸ್ತಿ ಆಗುತ್ತದೆ ಅಂದರೆ ಸೈನಸ್ ಇರಬಹುದು. ಮುಖ ತೊಳೆದರೂ, ಗಾಳಿ ತಾಗಿದರೂ ಕರೆಂಟ್ ಹೊಡೆದ ಹಾಗೆ ಕೆಲವು ಸೆಕೆಂಡ್ ಬಂದು ಹೋಗುವ ನೋವು ಮುಖದ ನರದ್ದು. ಹಲ್ಲಿನದು ಅಂತ ತಿಳಿದು ಒಂದಾದ ಮೇಲೊಂದು ಒಳ್ಳೆಯ ಹಲ್ಲನ್ನೇ ಕೀಳಿಸಿಕೊಂಡವರಿದ್ದಾರೆ.

ಬೆಳಗಾಗುವ ತನಕ

ತಲೆಗೆ ಎರಡು ದಿಂಬು ಇಟ್ಟುಕೊಳ್ಳಿ. ಚಪ್ಪಟೆ ಮಲಗಿದರೆ ರಕ್ತದ ಒತ್ತಡ ಹಲ್ಲಿಗೆ ಏರಿ ನೋವು ಬಡಿದುಕೊಳ್ಳುತ್ತದೆ. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಕೆನ್ನೆಗೆ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಡಿ. ಬಿಸಿ ಶಾಖ ಬೇಡ. ಹಿತ ಅನಿಸಿದರೂ ಊತ ಹೆಚ್ಚಾಗಬಹುದು.

ಮಾತ್ರೆಯ ವಿಚಾರ. ದೊಡ್ಡವರು ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ ಆರು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು. ಊಟ ಆದ ಮೇಲೆ ಐಬುಪ್ರೊಫೆನ್ 400 ಮಿಲಿಗ್ರಾಂ ಸೇರಿಸಿಕೊಂಡರೆ ಹಲ್ಲು ನೋವಿಗೆ ಎರಡೂ ಒಟ್ಟಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ನೋವಿನ ಮಾತ್ರೆಗೆ ಏರುವ ಅಸ್ತಮಾ, ರಕ್ತ ತೆಳು ಮಾಡುವ ಔಷಧ, ಬಸಿರು, ಡೆಂಗಿ ಅನುಮಾನ, ಇವು ಇದ್ದವರಿಗೆ ಐಬುಪ್ರೊಫೆನ್ ಬೇಡ. ನಾವು ಮಾಡುವ ಮಾಮೂಲಿ ತಪ್ಪೆಂದರೆ ಕಾಂಬಿಫ್ಲಾಮ್ ನುಂಗಿ, ಸಾಲದು ಅಂತ ಡೋಲೋ 650 ನುಂಗುವುದು. ಕಾಂಬಿಫ್ಲಾಮ್‌ನಲ್ಲೂ ಪ್ಯಾರಾಸಿಟಮಾಲ್ ಇದೆ, ನೆಗಡಿ ಮಾತ್ರೆಯಲ್ಲೂ ಇರುತ್ತದೆ. ಎಲ್ಲಾ ಸೇರಿ ದಿನಕ್ಕೆ 4 ಗ್ರಾಂ ದಾಟಿದರೆ ಲಿವರ್‌ಗೆ ಪೆಟ್ಟು. ದಿನಾ ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಮಿತಿ ಇನ್ನೂ ಕಮ್ಮಿ. ಮಕ್ಕಳಿಗೆ ತೂಕ ನೋಡಿ ಅವರ ಸಿರಪ್ಪನ್ನೇ ಕೊಡಿ, ಆಸ್ಪಿರಿನ್ ಕೊಡಲೇಬೇಡಿ.

ಆಂಟಿಬಯೋಟಿಕ್ ಬಗ್ಗೆ ಸ್ವಲ್ಪ ಜಗಳವಾಡುವ ಆಸೆ ಇದೆ. ಮೆಡಿಕಲ್ ಶಾಪ್‌ಗೆ ಹೋಗಿ ದವಡೆ ಹಿಡಿದುಕೊಂಡು ನಿಂತರೆ ಸಾಕು, ಚೀಟಿ ಇಲ್ಲದೆಯೇ ಆರು ಮಾತ್ರೆ ಕತ್ತರಿಸಿ ಕೊಡುತ್ತಾರೆ. ನರ ಉರಿಯುತ್ತಿರುವ ನೋವಿಗೆ ಆಂಟಿಬಯೋಟಿಕ್‌ನಿಂದ ಏನೂ ಉಪಯೋಗ ಇಲ್ಲ. ಕೀವಾಗಿದ್ದರೂ ಹಲ್ಲು ತೆರೆದು ಅಥವಾ ಕಿತ್ತು ಅದನ್ನು ಹೊರಗೆ ಬಿಡುವುದೇ ಚಿಕಿತ್ಸೆ, ಮಾತ್ರೆ ಬರೀ ಸಹಾಯಕ. ಸತ್ತ ನರದೊಳಗೆ ರಕ್ತವೇ ಹರಿಯದಿದ್ದಾಗ ಮಾತ್ರೆ ಅಲ್ಲಿಗೆ ಹೋಗುವುದು ಹೇಗೆ? ನನಗೂ ಆ ಮೂರು ವಾರ ಕಳೆದದ್ದು ಇಂಥದೇ ಆರು ಮಾತ್ರೆಯ ಧೈರ್ಯದಲ್ಲಿ.

ಲವಂಗ ಸುಳ್ಳಲ್ಲ. ಅದರ ಯೂಜಿನಾಲ್ ಅನ್ನು ಡೆಂಟಿಸ್ಟುಗಳೂ ತಾತ್ಕಾಲಿಕ ಫಿಲ್ಲಿಂಗ್‌ನಲ್ಲಿ ಬಳಸುತ್ತಾರೆ. ಹತ್ತಿಗೆ ಒಂದು ಹನಿ ಎಣ್ಣೆ ಅದ್ದಿ ಹುಳುಕಿನ ಗುಂಡಿಗೆ ಮಾತ್ರ ಇಡಿ, ಒಸಡಿಗೆ ಹಚ್ಚಿದರೆ ಸುಡುತ್ತದೆ. ಎಕ್ಕದ ಹಾಲು, ಹೊಗೆಸೊಪ್ಪು, ಬ್ರಾಂದಿ, ಪುಡಿ ಮಾಡಿದ ಆಸ್ಪಿರಿನ್, ಯಾವುದನ್ನೂ ತುಂಬಬೇಡಿ. ಎಕ್ಕದ ಹಾಲಿಗೆ ಬಾಯಿ ಬೆಂದುಹೋಗುತ್ತದೆ, ಆಮೇಲೆ ಹಲ್ಲು ನೋವಿನ ಜೊತೆ ಅದಕ್ಕೂ ಚಿಕಿತ್ಸೆ. ಇನ್ನು ಬೀಜದ ಹೊಗೆ ಹಿಡಿಸಿ "ಹಲ್ಲಿನ ಹುಳ" ಉದುರಿಸಿ ತೋರಿಸುವವರ ಹತ್ತಿರ ಹೋಗುವ ಮುಂಚೆ ಒಂದು ಮಾತು: ಹಲ್ಲಿನಲ್ಲಿ ಹುಳವೇ ಇರುವುದಿಲ್ಲ. ಹಲ್ಲು ಕರಗಿಸುವುದು ಬ್ಯಾಕ್ಟೀರಿಯಾ ಸಕ್ಕರೆ ತಿಂದು ಬಿಡುವ ಆಮ್ಲ.

ಬಸಿರಿಯರು ಹಲ್ಲಿನ ಚಿಕಿತ್ಸೆಗೆ ಹೋಗಬಾರದು ಅನ್ನೋದೂ ತಪ್ಪು. ಬಸಿರು ಅಂತ ಮೊದಲೇ ಹೇಳಿ, ಅಷ್ಟೇ. ಸೋಂಕು ಇಟ್ಟುಕೊಂಡು ಕೂರುವುದು ತಾಯಿಗೂ ಮಗುವಿಗೂ ಕೆಟ್ಟದ್ದು. ರಕ್ತ ತೆಳು ಮಾಡುವ ಮಾತ್ರೆಯನ್ನು ಹಲ್ಲು ಕೀಳಿಸಬೇಕು ಅಂತ ನೀವೇ ನಿಲ್ಲಿಸಬೇಡಿ.

ಹಲ್ಲು ಪೂರ್ತಿ ಕಿತ್ತು ಬಂದರೆ

ಮಗು ಸೈಕಲ್‌ನಿಂದ ಬಿದ್ದು ಮುಂದಿನ ಶಾಶ್ವತ ಹಲ್ಲು ಬೇರು ಸಮೇತ ಕೈಗೆ ಬಂತು ಅನ್ನಿ. ಇಲ್ಲಿ ನಿಮಿಷಗಳ ಲೆಕ್ಕ. ಬಿಳಿ ಭಾಗ ಹಿಡಿದು ಎತ್ತಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಾಗಿದ್ದರೆ ಹಾಲಲ್ಲೋ ನೀರಲ್ಲೋ ಕೆಲವು ಸೆಕೆಂಡ್ ಅದ್ದಿ ತೆಗೆದು, ಧೈರ್ಯ ಇದ್ದರೆ ಅದೇ ಗುಂಡಿಗೆ ಕೂರಿಸಿ ಮೆತ್ತಗಿನ ಬಟ್ಟೆ ಕಚ್ಚಿಸಿ. ಆಗದಿದ್ದರೆ ತಣ್ಣಗಿನ ಹಾಲಲ್ಲಿ ಹಾಕಿಕೊಂಡು ಹೊರಡಿ. ಟಿಶ್ಯೂ ಪೇಪರಲ್ಲಿ ಸುತ್ತಿ ಜೇಬಿಗೆ ಹಾಕಿದರೆ ಬೇರಿನ ಜೀವಕೋಶ ಒಣಗಿ ಸಾಯುತ್ತವೆ. ಅರ್ಧ ಗಂಟೆಯೊಳಗೆ ಡೆಂಟಿಸ್ಟ್ ಕೈ ಸೇರಿದರೆ ಒಳ್ಳೆಯದು, ಒಂದು ಗಂಟೆ ದಾಟಿದರೆ ಉಳಿಯುವ ಆಸೆ ಕಮ್ಮಿ. ಹಾಲುಹಲ್ಲನ್ನು ಮಾತ್ರ ವಾಪಸ್ ಕೂರಿಸಬೇಡಿ, ಕೆಳಗೆ ಕಾಯುತ್ತಿರುವ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ.

ಫೋನಿನಲ್ಲಿ ಏನು ಹೇಳಬೇಕು

"ಹಲ್ಲು ನೋವು ಡಾಕ್ಟ್ರೇ" ಅಂದರೆ ಗುರುವಾರ ಸಂಜೆ 6ಕ್ಕೆ ಬನ್ನಿ ಅನ್ನುತ್ತಾರೆ, ಅದು ಅವರ ತಪ್ಪಲ್ಲ. "ಕೆಳಗಿನ ಎಡ ದವಡೆಹಲ್ಲು, ನಿನ್ನೆಯಿಂದ ಊತ, 101 ಜ್ವರ, ಬಾಯಿ ಎರಡು ಬೆರಳಷ್ಟೇ ತೆರೆಯುತ್ತಿದೆ, ಶುಗರ್ ಇದೆ" ಅನ್ನಿ. ದನಿಯೇ ಬದಲಾಗುತ್ತದೆ. ಶುಕ್ರವಾರ ಶುರುವಾದ ನೋವಿಗೆ ಶುಕ್ರವಾರವೇ ಫೋನ್ ಮಾಡಿ, ಭಾನುವಾರ ಎಷ್ಟೋ ಕ್ಲಿನಿಕ್‌ಗಳಿಗೆ ಬಾಗಿಲು. ದುಡ್ಡಿನ ಯೋಚನೆ ಇದ್ದರೆ ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು ಇದೆ, ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲೂ ದಂತವೈದ್ಯರಿದ್ದಾರೆ. ಖಾಸಗಿ ಡೆಂಟಲ್ ಕಾಲೇಜುಗಳಲ್ಲೂ ಹೊರಗಿನ ಕ್ಲಿನಿಕ್‌ಗಿಂತ ಸಾಮಾನ್ಯವಾಗಿ ಕಮ್ಮಿ ಆಗುತ್ತದೆ. ವಿದ್ಯಾರ್ಥಿಗಳು ನಿಧಾನ ಮಾಡುತ್ತಾರೆ, ಅರ್ಧ ದಿನ ಇಟ್ಟುಕೊಂಡು ಹೋಗಿ.

ಹಬ್ಬದ ದಿನ ನನಗೆ ತೆರೆದಿದ್ದ ಕ್ಲಿನಿಕ್ ಸಿಗಲು ನಾಲ್ಕು ಫೋನ್ ಬೇಕಾಯಿತು. ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯಲಿಲ್ಲ. ಸೋಂಕಾದ ಜಾಗದಲ್ಲಿ ಅದು ಹಾಗೇ ಅಂತೆ, ಇನ್ನೊಂದು ಕೊಟ್ಟರು. ಹಲ್ಲು ತೆರೆದ ತಕ್ಷಣ ಬಂದ ವಾಸನೆಗೆ ನಾನೇ ಮುಖ ತಿರುಗಿಸಿದೆ. ಹತ್ತು ನಿಮಿಷದಲ್ಲಿ ಕೆನ್ನೆಯ ಬಿಗಿತ ಇಳಿಯಿತು. ಮನೆಗೆ ಬಂದಾಗ ಮೂರು ಗಂಟೆ, ಎಲೆಯಲ್ಲಿ ಎಲ್ಲಾ ಬಡಿಸಿಟ್ಟಿದ್ದರು. ನಾನು ತಿಂದಿದ್ದು ಮೊಸರನ್ನ, ಬಲಗಡೆಯಲ್ಲಿ.